ಅರ್ಧ ಟ್ಯಾಂಕಿನ ಸತ್ಯ

ತಪ್ಪು ಕಂಡಲ್ಲಿ ಸುಮ್ಮನಿರಲಾರದ ಸ್ವಭಾವ ನನ್ನದು. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ. ನನ್ನ ಜೊತೆ ಬಸ್ಸಿನಲ್ಲಿ ಪ್ರಯಾಣ ಮಾಡಿದವರು ಇದನ್ನು ಕಾಯಿಲೆಯೆಂದೇ ಭಾವಿಸಿದ್ದಾರೆ. ನಾನು ಕಲಿತ ಶಾಲೆಯನ್ನು ಕಟ್ಟಿದವರು ಹೊಸ ಸಮಾಜದ ಕನಸು ಕಂಡ ಹಿರಿಯರು. ಅಲ್ಲಿ ಬೆಳಗಿನ ಪ್ರಾರ್ಥನೆಯ ಜಾಗದಲ್ಲಿ ಬೇರೊಂದು ಪದ್ಧತಿಯಿತ್ತು. ದಿನಕ್ಕೊಬ್ಬ ವಿದ್ಯಾರ್ಥಿ ಎದ್ದು ನಿಂತು, ಹಿಂದಿನ ದಿನ ತಾನು ಕಂಡ ಒಂದು ಅನ್ಯಾಯವನ್ನು ಸ್ಪಷ್ಟವಾದ ಮಾತುಗಳಲ್ಲಿ ಹೇಳಬೇಕು. ಓಣಿಯ ಬೇರೆ ಮಕ್ಕಳು ಹುಣಿಸೆಕಾಯಿ ಹುಡುಕುತ್ತ ತಿರುಗಿದರೆ ನಾನು ಅನ್ಯಾಯ ಹುಡುಕುತ್ತ ತಿರುಗಿದೆ. ಅದು ಹುಣಿಸೆಕಾಯಿಗಿಂತ ಹೇರಳವಾಗಿ ಸಿಗುತ್ತಿತ್ತು, ಎಲ್ಲ ಋತುಗಳಲ್ಲಿಯೂ ಸಿಗುತ್ತಿತ್ತು.

ಇಂಥ ನಾನು ವರ್ಷಾನುಗಟ್ಟಲೆ ಒಂದು ಹಳೆಯ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು, ಕಣ್ಣೆದುರಿಗೇ ಇದ್ದ ಒಂದು ಶುದ್ಧ ಸುಳ್ಳನ್ನು ನೋಡಿಯೂ ನೋಡದವಳಂತೆ ಇದ್ದೆ. ಆ ಸುಳ್ಳು ಗಾಡಿಯ ಡೀಸೆಲ್ ಗೇಜಿನದು. ಟ್ಯಾಂಕು ಕಂಠಮಟ್ಟ ತುಂಬಿರಲಿ, ತಳ ಕಂಡಿರಲಿ, ಅದರ ಮುಳ್ಳು 'ಖಾಲಿ' ಎಂಬ ಗುರುತಿನ ಮೇಲೆ ತಲೆಯಿಟ್ಟು ಮಲಗಿರುತ್ತಿತ್ತು. ನಾನು ಆಣೆಕಟ್ಟಿನ ಕೆಳಗಿನ ಊರುಗಳ ಬಗ್ಗೆ, ಕೂಲಿಯ ತಾರತಮ್ಯದ ಬಗ್ಗೆ, ಪೆಟ್ರೋಲ್ ಪಂಪುಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲದ ಬಗ್ಗೆ ಆ ಸೀಟಿನಲ್ಲಿ ಕುಳಿತೇ ಉದ್ದುದ್ದ ಮನವಿಗಳನ್ನು ಬರೆದಿದ್ದೇನೆ. ಒಂದು ಗೇಣು ದೂರದಲ್ಲಿ ಸುಳ್ಳು ಹೇಳುತ್ತಿದ್ದ ಆ ಗಾಜಿನ ಬಿಲ್ಲೆಯ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ದಿನವೂ ಕೇಳುವ ಸುಳ್ಳಿಗೆ ನಾವು ಅಭ್ಯಾಸ ಎಂಬ ಮರ್ಯಾದೆಯ ಹೆಸರು ಕೊಟ್ಟುಬಿಡುತ್ತೇವೆ.

ಈ ಗಾಡಿ ಮಿರಜದ ನಮ್ಮ ಮಹಿಳಾ ರೊಟ್ಟಿ ಸಂಘದ್ದು. ನಾನು ಅದರ ಕಾರ್ಯದರ್ಶಿ. ಮಿರಜದ ಆಸ್ಪತ್ರೆಗಳಿಗೆ ಗಡಿಯ ಆಚೆಯಿಂದಲೂ ಈಚೆಯಿಂದಲೂ ರೋಗಿಗಳು ಬರುತ್ತಾರೆ. ರೋಗಿಗೆ ಹಾಸಿಗೆ ಸಿಗುತ್ತದೆ. ಜೊತೆಗೆ ಬಂದವರಿಗೆ ಸಿಗುವುದು ಮರದ ನೆರಳು ಮಾತ್ರ, ಅದೂ ಮರವಿದ್ದಲ್ಲಿ. ಈ ಅನ್ಯಾಯವನ್ನು ಕುರಿತು ಮನವಿ ಬರೆದು ಬರೆದು ಬೇಸತ್ತು, ಕಡೆಗೆ ನಾವು ಕೆಲವು ಹೆಂಗಸರು ಜೋಳದ ರೊಟ್ಟಿ ಬಡಿಯಲು ಶುರುಮಾಡಿದೆವು. ಬೇಡಗ ಮತ್ತು ಮಾಲಗಾಂವದ ಮನೆಗಳಲ್ಲಿ ನಸುಕಿನಲ್ಲಿ ರೊಟ್ಟಿ, ಝುಣಕ ತಯಾರಾಗುತ್ತವೆ. ಗಾಡಿ ಅವನ್ನು ಬಟ್ಟೆ ಹೊದಿಸಿದ ಬುಟ್ಟಿಗಳಲ್ಲಿ ಆಸ್ಪತ್ರೆಗಳ ರಸ್ತೆಗೆ ತರುತ್ತದೆ. ಕಡಿಮೆ ಬೆಲೆಗೆ ಬಿಸಿ ಊಟ. ನನ್ನ ಎಲ್ಲ ಮನವಿಗಳನ್ನು ಒಟ್ಟುಗೂಡಿಸಿದರೂ ಅವು ಒಂದು ಬುಟ್ಟಿ ರೊಟ್ಟಿಯಷ್ಟು ಜನರನ್ನು ತಲುಪಿಲ್ಲ ಎಂಬುದನ್ನು ನಾನು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಆ ರೊಟ್ಟಿಗಳಲ್ಲಿ ನಾನು ಬಡಿದ ವಕ್ರವಾದವೂ ಕೆಲವು ಇದ್ದವು.

ಗಾಡಿ ನಡೆಸುವವಳು ಮಾಯಾಕ್ಕ. ಬೇಡಗದ ಕುರಿಗಾರರ ಮನೆಯ ಸೊಸೆ. ಟ್ರ್ಯಾಕ್ಟರಿನ ಮೇಲೆ ಕೈ ಪಳಗಿಸಿಕೊಂಡು ಲೈಸೆನ್ಸಿನ ಪರೀಕ್ಷೆಗೆ ಹೋದಾಗ ಪರೀಕ್ಷೆ ನಡೆಸುವ ಗೃಹಸ್ಥರು, "ಗಂಡ ಎಲ್ಲಿ?" ಎಂದು ಕೇಳಿದರಂತೆ. "ಕುರಿ ಕಾಯಾಕ ಹೋಗ್ಯಾನ್ರಿ. ಲೈಸೆನ್ಸ್ ಯಾರಿಗೆ ಕೊಡಾವ್ರ ನೀವು, ನನಗೋ ಕುರಿಗೋ?" ಎಂದು ಇವಳು ಕೇಳಿದಳಂತೆ. ಇದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ, ಹೇಳಿದಾಗಲೆಲ್ಲ ಆ ಗೃಹಸ್ಥರ ಮುಖ ಇನ್ನಷ್ಟು ಸಣ್ಣದಾಗುತ್ತದೆ. ವಿನಯವೆಂಬುದು ಮಾಯಾಕ್ಕನ ಹತ್ತಿರ ಸುಳಿದದ್ದಿಲ್ಲ. ಮಿರಜದಿಂದ ಬೇಡಗದವರೆಗೆ ತನ್ನಷ್ಟು ಚೆನ್ನಾಗಿ ಗೇರು ಬದಲಿಸುವವರು ಹುಟ್ಟಿಲ್ಲ ಎಂದು ಅವಳ ಅಭಿಪ್ರಾಯ. ನಾನು ಅದನ್ನು ಅಲ್ಲಗಳೆದಿಲ್ಲ.

ಗೇಜು ಸತ್ತ ಗಾಡಿಯಲ್ಲಿ ಡೀಸೆಲ್ ಎಷ್ಟಿದೆಯೆಂದು ತಿಳಿಯುವುದು ಹೇಗೆ? ಸೀಟಿನ ಹಿಂದೆ ಒಂದು ತೊಗರಿಕಟ್ಟಿಗೆ ಇರುತ್ತಿತ್ತು. ಮಾಯಾಕ್ಕ ಟ್ಯಾಂಕಿನ ಮುಚ್ಚಳ ತೆಗೆದು ಅದನ್ನು ಇಳಿಬಿಟ್ಟು, ಎತ್ತಿ, ಒದ್ದೆಯಾದ ಮಟ್ಟ ನೋಡುತ್ತಿದ್ದಳು. ಅವಸರವಿದ್ದರೆ ಟ್ಯಾಂಕಿನ ಪಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ಒಮ್ಮೆ ಅವಳ ಅತ್ತೆ ಆ ಕಟ್ಟಿಗೆಯನ್ನು ಒಲೆಗೆ ಹಾಕಿಬಿಟ್ಟರು. ಕಿವಿಯನ್ನೇ ನಂಬಿ ಹೊರಟ ಮಾಯಾಕ್ಕ ಮಾಲಗಾಂವದ ದ್ರಾಕ್ಷಿ ತೋಟಗಳ ನಡುವೆ ನಿಂತಳು. ಡೀಸೆಲ್ ಗಾಡಿ ಒಮ್ಮೆ ಒಣಗಿದರೆ ಮತ್ತೆ ಡೀಸೆಲ್ ಸುರಿದ ಮಾತ್ರಕ್ಕೆ ಹೊರಡುವುದಿಲ್ಲ. ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಕೈಪಂಪಿನಿಂದ ಒತ್ತಿ ಒತ್ತಿ ಹೊರಹಾಕಬೇಕು. ಅಂದು ರೊಟ್ಟಿ ಆರಿದವು. ಮಾಯಾಕ್ಕ ತನ್ನ ಕಿವಿಯನ್ನು ದೂಷಿಸಲಿಲ್ಲ, ಅತ್ತೆಯನ್ನು ದೂಷಿಸಿದಳು.

ಟ್ಯಾಂಕನ್ನು ತಟ್ಟಿ ಕೇಳುವ ಈ ಪದ್ಧತಿ ಮಿರಜದಲ್ಲಲ್ಲದೆ ಬೇರೆಲ್ಲಿ ಹುಟ್ಟೀತು? ಇದು ತಂತಿವಾದ್ಯಗಳ ಊರು. ಇಲ್ಲಿ ಸಿತಾರಿಗೆಂದು ಒಣಗಿಸಿದ ಸೋರೆಬುರುಡೆಗಳನ್ನು ಆಯುವವರು ಅವುಗಳನ್ನು ತಟ್ಟಿ, ತಲೆ ವಾರೆಮಾಡಿ, ಒಳಗಿನ ಪೊಳ್ಳು ಏನು ಹೇಳುತ್ತದೆಂದು ಕೇಳುತ್ತಾರೆ. ಆ ಗಲ್ಲಿಯಲ್ಲಿ ಓಡಾಡಿದವರಿಗೆಲ್ಲ ಕೈಗೆ ಸಿಕ್ಕಿದ್ದನ್ನು ತಟ್ಟುವ ಚಟ ಅಂಟಿಕೊಳ್ಳುತ್ತದೆ. ಸಾಂಗ್ಲಿಯವರ ರೀತಿ ಬೇರೆ. ಅವರು ಕೃಷ್ಣೆಯ ದಂಡೆಯವರು. ಮಳೆಗಾಲ ಬಂತೆಂದರೆ ನದಿ ಎಲ್ಲಿಯವರೆಗೆ ಏರಿದೆಯೆಂದು ಅಳತೆಯ ಗೆರೆಗಳನ್ನು ಓದಿ, ಅಕ್ಕಿಯ ಚೀಲ ಅಟ್ಟಕ್ಕೇರಬೇಕೋ ಬೇಡವೋ ಎಂದು ನಿರ್ಧರಿಸುವವರು. ಪ್ರವಾಹವನ್ನು ತಟ್ಟಿ ನೋಡಲಾಗುವುದಿಲ್ಲವಲ್ಲ. ಹೀಗಾಗಿ ಮಿರಜದವರಿಗೆ ಕಿವಿಯ ಮೇಲೆ ನಂಬಿಕೆ, ಸಾಂಗ್ಲಿಯವರಿಗೆ ಗೆರೆಯ ಮೇಲೆ. ಎರಡೂ ಊರುಗಳು ಒಂದಕ್ಕೊಂದು ಅಂಟಿಕೊಂಡಂತೆ ಬೆಳೆದಿವೆ. ಸಿಟಿ ಬಸ್ಸಿನವನಿಗೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು. ಊರಿನವರನ್ನು ಕೇಳಿ ನೋಡಿ, ಒಂದು ಅಂಗುಲವೂ ತಪ್ಪದಂತೆ ಹೇಳುತ್ತಾರೆ.

ಇಂಥ ಎರಡು ಊರುಗಳ ಎರಡು ಸಂಘಗಳನ್ನು ವಿಲೀನಗೊಳಿಸುವ ಕಾಲ ಬಂತು. ಸಣ್ಣ ಸಂಘಗಳು ಒಂದಾಗಿ ದೊಡ್ಡವಾಗಬೇಕೆಂಬ ಗಾಳಿ ಬೀಸುತ್ತಿದ್ದ ವರ್ಷಗಳವು. ನಮ್ಮ ರೊಟ್ಟಿ ಸಂಘವೂ ಸಾಂಗ್ಲಿಯ ಮಹಿಳಾ ಮಸಾಲೆ ಸಂಘವೂ ಕೂಡಿಕೊಳ್ಳುವುದೆಂದಾಯಿತು. ಮಸಾಲೆ ಸಂಘದ ಅಧ್ಯಕ್ಷೆ ಕುಸುಮಕಾಕೂ; ಅರಿಸಿನ ವ್ಯಾಪಾರದ ಜೈನ ಮನೆತನದವರು. ಅರಿಸಿನದ ಕೊಂಬನ್ನು ಮುರಿದು ಒಳಬಣ್ಣ ನೋಡದೆ ಕೊಂಡವರಲ್ಲ, ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಅವರ ಸಂಘಕ್ಕೆ ಒಂದು ಹೊಸ ಟೆಂಪೋ ಇತ್ತು, ಅದಕ್ಕೊಬ್ಬ ಚಾಲಕನಿದ್ದ. ವಿಲೀನದ ಕರಡಿನಲ್ಲಿ ಒಂದು ಕಲಮು ಹೀಗಿತ್ತು: ಎಲ್ಲ ಉಪಕರಣಗಳೂ ಸುಸ್ಥಿತಿಯಲ್ಲಿರುವ ವಾಹನಗಳನ್ನು ಮಾತ್ರ ಹೊಸ ಸಂಘಕ್ಕೆ ತೆಗೆದುಕೊಳ್ಳಲಾಗುವುದು, ಉಳಿದವನ್ನು ಗುಜರಿಗೆ ಹಾಕಿ, ಅವುಗಳ ಚಾಲಕರನ್ನು ಸೂಕ್ತ ಕೆಲಸಕ್ಕೆ ಹೊಂದಿಸಲಾಗುವುದು.

ಇದನ್ನು ನಾನು ಮಾಯಾಕ್ಕನಿಗೆ ಓದಿ ಹೇಳಿದೆ. ಅವಳು ಟೈರಿನ ಗಾಳಿ ನೋಡುತ್ತ ಕೇಳಿಸಿಕೊಂಡಳು.

"ಸೂಕ್ತ ಕೆಲಸ ಅಂದ್ರ ಏನ್ರಿ ಬಾಯಾರ?"

"ಮಸಾಲಿ ಪೊಟ್ಟಣ ಕಟ್ಟೂದು ಇರಬೇಕು."

"ನಾ ಖಾರಪುಡಿ ಕಟ್ಟಬೇಕು, ಆ ಟೆಂಪೋದಂವ ನನ್ನ ರೊಟ್ಟಿ ಹೇರ್ಕೊಂಡು ಬೇಡಗಕ್ಕ ಬರಬೇಕು. ಬರ್ಲಿ. ನಮ್ಮ ಓಣ್ಯಾಗ ಅಂವ ಗಾಡಿ ಹ್ಯಾಂಗ ತಿರುವ್ತಾನ ನೋಡ್ತೇನಿ." ಇಷ್ಟು ಹೇಳಿ ಅವಳು ಮುಖ ಆಚೆ ತಿರುಗಿಸಿದಳು. ಹಾಗೆ ತಿರುಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗಾಡಿಯ ದೀಪ, ಬ್ರೇಕು, ಹಾರ್ನು ಎಲ್ಲವೂ ಸರಿಯಿದ್ದವು. ಕೆಟ್ಟದ್ದೆಂದರೆ ಆ ಗೇಜು ಒಂದೇ. ಅದನ್ನು ಬದಲಿಸಿದರೆ ಮಾಯಾಕ್ಕನ ಸ್ಟೇರಿಂಗು ಉಳಿಯುತ್ತಿತ್ತು. ಇಲ್ಲಿ ನಿಮಗೆ ಸ್ವಲ್ಪ ಯಂತ್ರಶಾಸ್ತ್ರ ಹೇಳಬೇಕಾಗಿದೆ. ನಾನೂ ಆಗಷ್ಟೇ ಕಲಿತದ್ದರಿಂದ ಹೇಳುವ ಉತ್ಸಾಹ ಹೆಚ್ಚು. ಡೀಸೆಲ್ ಗೇಜು ಎಂಬುದು ಒಂದು ವಸ್ತುವಲ್ಲ, ಜೋಡಿ. ಕಣ್ಣಿಗೆ ಕಾಣುವ ಮುಳ್ಳಿನ ಬಿಲ್ಲೆ ಮುಂದೆ ಕುಳಿತಿರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಭಾಗ ಟ್ಯಾಂಕಿನೊಳಗೆ ಇರುತ್ತದೆ. ಗ್ಯಾರೇಜಿನವರು ಅದನ್ನು ಫ್ಲೋಟು ಎನ್ನುತ್ತಾರೆ. ತೆಳ್ಳನೆಯ ಸರಳಿನ ತುದಿಗೆ ಒಂದು ತೇಲುವ ಬೆಂಡು. ಡೀಸೆಲ್ ಇಳಿದಂತೆ ಬೆಂಡೂ ಇಳಿಯುತ್ತದೆ. ಆಗ ಸರಳಿನ ಇನ್ನೊಂದು ತುದಿ ತಂತಿಯ ಸುರುಳಿಯ ಮೇಲೆ ಜರುಗಿ, ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅದನ್ನು ಓದಿ ಮುಳ್ಳು ಆಡುತ್ತದೆ. ಒಳಗಿದ್ದವರು ಕತ್ತಲಲ್ಲಿ ಮುಳುಗೇಳುತ್ತ ಸುದ್ದಿ ಕಳಿಸುತ್ತಾರೆ, ಹೊರಗಿದ್ದವರು ಗಾಜಿನ ಹಿಂದೆ ಕುಳಿತು ಅದನ್ನು ಘೋಷಿಸಿ ಹೆಸರು ಪಡೆಯುತ್ತಾರೆ. ಈ ಅನ್ಯಾಯದ ಬಗ್ಗೆ ಇನ್ನೊಮ್ಮೆ ಬರೆಯುವೆ.

ನಮ್ಮ ಗಾಡಿಯಲ್ಲಿ ಎರಡೂ ಸತ್ತಿದ್ದವು. ಎರಡೂ ಸಂಘಗಳ ಜಂಟಿ ಸಭೆಯಲ್ಲಿ ರಿಪೇರಿಯ ಮಾತು ಬಂದಾಗ ಸಾಂಗ್ಲಿಯವರು ತಮ್ಮ ಪೇಟೆಯ ಸಾಮಾನು ಒಳ್ಳೆಯದೆಂದರು, ಮಿರಜದವರು ತಮ್ಮ ಪೇಟೆಯದೆಂದರು. ಮಾತು ಬೆಳೆಯಿತು. ಆಗ ಎದ್ದು ನಿಂತವಳು ನಾನು. ಸಮಾನತೆಯೇ ವಿಲೀನದ ಜೀವಾಳವೆಂದೂ, ಯಾವ ಊರೂ ಇನ್ನೊಂದರ ಆಶ್ರಿತವೆನಿಸಬಾರದೆಂದೂ ಪ್ರತಿಪಾದಿಸಿ, ಮುಳ್ಳಿನ ಗೇಜನ್ನು ಸಾಂಗ್ಲಿಯಲ್ಲಿಯೂ ಫ್ಲೋಟನ್ನು ಮಿರಜದಲ್ಲಿಯೂ ಕೊಳ್ಳತಕ್ಕದ್ದೆಂದು ಠರಾವು ಮಂಡಿಸಿದೆ. ಅದು ಸರ್ವಾನುಮತದಿಂದ ಪಾಸಾಯಿತು. ಚಪ್ಪಾಳೆಯನ್ನೂ ತಟ್ಟಿದರು. ಅಷ್ಟು ನ್ಯಾಯವಾದ ಠರಾವನ್ನು ನಾನು ಮತ್ತೆ ಮಂಡಿಸಿಲ್ಲ.

ಮಿರಜದ ಇಲಾಹಿ ಮಿಸ್ತ್ರಿ ಟ್ಯಾಂಕು ಇಳಿಸಿ ಫ್ಲೋಟು ಕೂಡಿಸಿದರು, ಮುಂದೆ ಗೇಜು ಕೂಡಿಸಿದರು, ತಂತಿ ಬಿಗಿದರು. ಟ್ಯಾಂಕು ತುಂಬಿಸಿ ಕೀಲಿ ತಿರುವಿದರೆ ಮುಳ್ಳು ಖಾಲಿ ತೋರಿಸಿತು. ಡೀಸೆಲನ್ನು ಡಬ್ಬಿಗಳಿಗೆ ಇಳಿಸಿದಂತೆ ಅದು ಏರಿತು. ಟ್ಯಾಂಕು ಬರಿದಾದಾಗ ತುಂಬಿದೆಯೆಂದು ನೆಟ್ಟಗೆ ನಿಂತಿತು. ಮಿಸ್ತ್ರಿ ತಲೆ ಕೆರೆದುಕೊಂಡು, "ಎರಡೂ ಹೊಸಾವ, ಎರಡೂ ಚಲೋ ಅದಾವ. ಜಾತಿ ಬ್ಯಾರೆ ಬ್ಯಾರೆ," ಎಂದರು. ಜಾತಿಯೆಂಬ ಮಾತನ್ನು ನಾನು ಯಂತ್ರದ ವಿಷಯದಲ್ಲಿಯೂ ಸಹಿಸುವವಳಲ್ಲ, ಆಕ್ಷೇಪಿಸಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೆಲವು ಕಂಪನಿಗಳ ಫ್ಲೋಟು ಟ್ಯಾಂಕು ತುಂಬಿದಾಗ ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತದೆ, ಕೆಲವರದು ಕಡಿಮೆ. ಒಬ್ಬರ ಫ್ಲೋಟಿಗೆ ಇನ್ನೊಬ್ಬರ ಗೇಜು ಹಚ್ಚಿದರೆ ಸುದ್ದಿ ತಿರುವು ಮುರುವಾಗುತ್ತದೆ. ಒಂದನ್ನು ಬದಲಿಸಬೇಕು. ಯಾವುದನ್ನು? ನಮ್ಮ ಸಂಘದ ಹೆಂಗಸರು ಮಿರಜದ ಫ್ಲೋಟನ್ನು ಮುಟ್ಟಗೊಡಲಿಲ್ಲ. ಸಾಂಗ್ಲಿಯ ಗೇಜನ್ನು ತೆಗೆದರೆ ಕುಸುಮಕಾಕೂ ಏನೆಂದಾರು? ತಪಾಸಣೆ ಬೆಳಗಾದರೆ ಇತ್ತು.

ಆಗ ನಮ್ಮವರೊಬ್ಬರಿಗೆ ಹೊಳೆಯಿತು. ತುಂಬಿದ್ದನ್ನು ಖಾಲಿಯೆಂದೂ ಖಾಲಿಯನ್ನು ತುಂಬಿದೆಯೆಂದೂ ಹೇಳುವ ಮುಳ್ಳು ಒಂದೇ ಒಂದು ಜಾಗದಲ್ಲಿ ಸತ್ಯ ಹೇಳಲೇಬೇಕು. ಟ್ಯಾಂಕು ಸರಿಯಾಗಿ ಅರ್ಧ ಇದ್ದಾಗ ಅದು ಅರ್ಧವನ್ನೇ ತೋರಿಸುತ್ತದೆ. ಅರ್ಧ ತುಂಬಿಸಿ ನಿಲ್ಲಿಸಿದರೆ ಆಯಿತು. ಎಲ್ಲರೂ ನನ್ನ ಮುಖ ನೋಡಿದರು. ಇಲ್ಲಿ ನಾನು ಗುಡುಗಬೇಕಿತ್ತು. ಬದಲಿಗೆ ನನ್ನ ಬುದ್ಧಿ ಸದ್ದಿಲ್ಲದೆ ಕಾರಣಗಳನ್ನು ಹೊಂದಿಸತೊಡಗಿತು: ಮುಳ್ಳು ಅರ್ಧವೆಂದಾಗ ಟ್ಯಾಂಕೂ ಅರ್ಧವಿದ್ದರೆ ಅದರಲ್ಲಿ ಅಸತ್ಯವೆಲ್ಲಿದೆ? ಗುಜರಿಯ ಕಲಮೇ ಅನ್ಯಾಯವಾಗಿರುವಾಗ ಅದರ ತಪಾಸಣೆಗೆ ಪೂರ್ಣ ಸತ್ಯದ ಹಕ್ಕಿದೆಯೇ? ಎಂಥ ಸುಳ್ಳಿಗೂ ಒಳ್ಳೆಯ ಉಡುಪು ಹೊಲಿಯಬಲ್ಲ ವಿದ್ಯೆಯನ್ನು ನನ್ನ ಶಾಲೆ ನನಗೆ ಬೇರೆ ಉದ್ದೇಶಕ್ಕಾಗಿ ಕಲಿಸಿತ್ತು.

ಬೆಳಗ್ಗೆ ಕುಸುಮಕಾಕೂ ಬಂದರು. ದೀಪ ನೋಡಿದರು, ಹಾರ್ನು ಬಾರಿಸಿದರು, ಮುಳ್ಳು ನೋಡಿದರು. "ಅರ್ಧ," ಎಂದು ಮಾಯಾಕ್ಕ ತಾನೇ ಮುಚ್ಚಳ ತೆಗೆದು ಕಟ್ಟಿಗೆ ಅದ್ದಿ ತೋರಿಸಿದಳು. ಕುಸುಮಕಾಕೂ ಹಾಳೆಯ ಮೇಲೆ ಸರಿ ಎಂದು ಗೀಚಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಂತ ಗಾಡಿಯನ್ನು ನೋಡಿ ಹೊರಡುವವರನ್ನು ಕಂಡು ಮಾಯಾಕ್ಕನ ಅಭಿಮಾನಕ್ಕೆ ಪೆಟ್ಟು ಬಿತ್ತು.

"ಇಷ್ಟ ಏನ್ರಿ ಕಾಕೂ? ನಿಂತ ಗಾಡಿ ನೋಡಿ ಏನ್ ತಿಳೀತದ? ಹತ್ರಿ ಮ್ಯಾಲ. ಬೇಡಗಕ್ಕ ಹೋಗಿ ಬರೂಣು."

ನಾನು ಅವಳ ಸೆರಗು ಎಳೆದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೂವರೂ ಹತ್ತಿದೆವು, ನಡುವೆ ನಾನು, ಗೇರಿನ ಕೋಲಿಗೆ ಮೊಣಕಾಲು ತಾಗದಂತೆ ಮುದುಡಿಕೊಂಡು. ಈ ಸೀಟುಗಳನ್ನು ರೂಪಿಸಿದವರು ನಡುವಿನವರ ಬಗ್ಗೆ ಯೋಚಿಸಿಯೇ ಇಲ್ಲವೆಂಬುದನ್ನು ದಾರಿಯುದ್ದಕ್ಕೂ ಹೇಳಬೇಕೆಂದಿದ್ದೆ. ಊರು ದಾಟುವ ಮೊದಲೇ ಪಂಪು ಬಂತು, ಕುಸುಮಕಾಕೂ ಕೈ ಎತ್ತಿದರು.

"ತರುಬು ಮಾಯಾಕ್ಕ. ನಮ್ಮ ತಪಾಸಣಿ ಸಲುವಾಗಿ ನಿಮ್ಮ ಡೀಸೆಲ್ ಯಾಕ ಸುಡಬೇಕು? ಫುಲ್ ಮಾಡ್ಸು. ಸಾಂಗ್ಲಿ ಸಂಘದ್ದಿರಲಿ."

"ಬ್ಯಾಡ ಬಿಡ್ರಿ ಕಾಕೂ. ಇದ್ದದ್ದ ಸಾಕಾಗ್ತದ."

ವಿಲೀನಕ್ಕೆ ಮೊದಲೇ ಎರಡು ಸಂಘಗಳ ಇಂಧನ ಬೆರೆಯುವುದು ತಾತ್ವಿಕವಾಗಿ ಸರಿಯಲ್ಲವೆಂದು ನಾನು ವಿವರಿಸತೊಡಗಿದೆ. "ನೀವು ತತ್ವ ಹೇಳೂದ್ರಾಗ ಟ್ಯಾಂಕ್ ತುಂಬಿ ಮುಗೀತದ," ಎಂದು ಕುಸುಮಕಾಕೂ ಕಿಟಕಿಯಿಂದ ಪಂಪಿನವನಿಗೆ ಸನ್ನೆ ಮಾಡಿದರು. ಎಂಜಿನ್ ನಿಂತಿತ್ತು, ಕೀಲಿ ಮಾತ್ರ ತಿರುವಿಯೇ ಇತ್ತು. ಹಿಂದೆ ಡೀಸೆಲ್ ಗಳಗಳನೆ ಬೀಳುತ್ತಿದ್ದ ಸದ್ದು. ಮುಂದೆ, ಮೂವರ ಆರು ಕಣ್ಣುಗಳ ಎದುರಿಗೆ, ಮುಳ್ಳು ಅರ್ಧದಿಂದ ಕಾಲಿಗೆ, ಕಾಲಿನಿಂದ ಖಾಲಿಗೆ ಇಳಿಯಿತು.

"ಹೇ ಕಾಯ್ ಗಂ?" ಇದೇನೇ ಎಂದು ಕೇಳುವ ಭರದಲ್ಲಿ ಕುಸುಮಕಾಕೂ ಮರಾಠಿಗೆ ಜಾರಿದರು, ಆಶ್ಚರ್ಯವಾದಾಗ ಈ ಸೀಮೆಯ ನಾವೆಲ್ಲರೂ ಹಾಗೆಯೇ.

ಮಾಯಾಕ್ಕ ಮುಳ್ಳಿನ ಕಡೆ ಬೆರಳು ಮಾಡಿದಳು. "ಕಾಟಾ ಉಲ್ಟಾ ಅದರಿ ಕಾಕೂ. ಅರ್ಧ ಇದ್ದಾಗ ಅಷ್ಟ ಖರೆ ಹೇಳ್ತದ."

"ಮತ್ತ ಅರ್ಧಾನ ಯಾಕ ತುಂಬ್ಸಿದ್ರಿ?"

"ಅದಕ್ಕನ ರಿ."

ಕುಸುಮಕಾಕೂ ಹಾಳೆ ತೆಗೆದು, ಸರಿ ಎಂದು ಗೀಚಿದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಆಮೇಲೆ ವಿಚಾರಣೆ ಶುರುವಾಯಿತು. ಗೇಜು ಎಲ್ಲಿಯದು? ನಿಮ್ಮ ಸಾಂಗ್ಲಿಯದು. ಫ್ಲೋಟು? ನಮ್ಮ ಮಿರಜದ್ದು. ಹೀಗೆ ಹಂಚಿಕೊಂಡು ಕೊಳ್ಳುವ ಬುದ್ಧಿ ಯಾರದು? ಮಾಯಾಕ್ಕ ನನ್ನ ಕಡೆ ನೋಡಿದಳು. ಕುಸುಮಕಾಕೂ ನೋಡಿದರು. ಇಬ್ಬರ ನಡುವೆ ಕುಳಿತವಳಿಗೆ ತಾನು ನೋಡಲು ಬೇರೆ ದಿಕ್ಕಿರಲಿಲ್ಲ, ಮುಳ್ಳನ್ನೇ ನೋಡಿದೆ.

"ನಡೀ," ಎಂದರು ಕುಸುಮಕಾಕೂ. "ಬಂದದ್ದ ಬಂದೇವಿ, ಬೇಡಗ ನೋಡೂಣು."

ಆ ದಿನದ ಪ್ರಯಾಣವನ್ನು ನೆನೆದರೆ ಇಂದಿಗೂ ನನ್ನ ಎದೆ ಹಿಗ್ಗುತ್ತದೆ. ಮಾಯಾಕ್ಕ ತನ್ನ ಸ್ಟೇರಿಂಗು ಹೋಯಿತೆಂದು ತಿಳಿದೇ ಗಾಡಿ ನಡೆಸಿದಳು, ಆದರೂ ಒಂದು ಗೇರೂ ಕಿರುಗುಡಲಿಲ್ಲ. ಬೇಡಗದ ಓಣಿಯಲ್ಲಿ ಒಂದು ಕಡೆ ಕುರಿಯ ಹಟ್ಟಿ, ಇನ್ನೊಂದು ಕಡೆ ಕಲ್ಲಿನ ಗೋಡೆ. ನಡುವೆ ಗಾಡಿಯನ್ನು ಹಿಂದಕ್ಕೆ ನಡೆಸಿ ತಿರುಗಿಸುವಾಗ ಕುಸುಮಕಾಕೂ ಉಸಿರು ಬಿಗಿಹಿಡಿದರು. ಮಾಯಾಕ್ಕ ಮನೆ ಬಾಗಿಲಲ್ಲಿ ನಿಂತ ಅತ್ತಿಗೆಯ ಜೊತೆ ಮಾತಾಡುತ್ತಲೇ ತಿರುಗಿಸಿದಳು. ಬುಟ್ಟಿಗಳು ಏರಿದವು. ಆಸ್ಪತ್ರೆಗಳ ರಸ್ತೆಗೆ ಬಂದಾಗ ಮರದ ಕೆಳಗೆ ಸಾಲು ನಿಂತಿತ್ತು. ಒಬ್ಬ ಮುದುಕಿ ರೊಟ್ಟಿ ಇಸಿದುಕೊಂಡು, ತಿನ್ನುವ ಮೊದಲು ಅದನ್ನು ಕೆನ್ನೆಗೆ ಒತ್ತಿಕೊಂಡು ನಿಂತಳು. ರಾತ್ರಿಯೆಲ್ಲ ವರಾಂಡದ ತಣ್ಣನೆಯ ಫರಸಿಯ ಮೇಲೆ ಮಲಗಿದ್ದಳಂತೆ. ಕುಸುಮಕಾಕೂ ಇಳಿದು ತಾವೂ ರೊಟ್ಟಿ ಹಂಚಿದರು.

ಹೊರಡುವಾಗ ಹೇಳಿದರು: "ಗಾಡಿ ಚಲೋ ಅದ ಅಂತ ನನಗ ಗೊತ್ತಾತು. ಆದ್ರ ನನಗ ಗೊತ್ತಾದ್ದು ಹಾಳ್ಯಾಗ ಬರಿಯಾಕ ಬರೂದಿಲ್ಲ. ವಿಲೀನದ ಸಭಾ ತನಕ ವೇಳ್ಯಾ ಕೊಡ್ತೇನಿ. ಕಾಟಾ ಖರೆ ಹೇಳಬೇಕು. ಇಲ್ಲಂದ್ರ ನನ್ನ ಸಹಿ ಇಲ್ಲ."

ಇಷ್ಟಾದ ಮೇಲೆ ಕಥೆ ಸಲೀಸಾಗಿ ಮುಗಿಯಬೇಕೆಂದು ನೀವು ನಿರೀಕ್ಷಿಸಿದರೆ ನಿಮಗೆ ಈ ಎರಡು ಊರುಗಳ ಪರಿಚಯವಿಲ್ಲ. ಇವು ಜಗಳದಲ್ಲಿ ಎಷ್ಟು ಹಟಮಾರಿಗಳೋ ಔದಾರ್ಯದಲ್ಲಿ ಅದಕ್ಕಿಂತ ಹೆಚ್ಚು. ನನ್ನ ಮನಸ್ಸು ಕರಗಿತ್ತು. ಮಿರಜವೇ ಮೊದಲು ಸೋತು ದೊಡ್ಡದಾಗಲಿ ಎಂದು ನಿಶ್ಚಯಿಸಿ, ನಮ್ಮ ಫ್ಲೋಟನ್ನು ಹಿಂದಿರುಗಿಸಿ, ಸಾಂಗ್ಲಿಯ ಗೇಜಿಗೆ ಒಪ್ಪುವ ಫ್ಲೋಟನ್ನು ತರಿಸಿ ಕೂಡಿಸಿದೆ. ಸಭೆಯಲ್ಲಿ ಪ್ರಕಟಿಸುವವರೆಗೆ ಯಾರಿಗೂ ಹೇಳಬಾರದೆಂದು ಮಾಯಾಕ್ಕನಿಂದ ಆಣೆ ಮಾಡಿಸಿದೆ. ಮರುದಿನ ಗಾಡಿ ಖಾರಪುಡಿ ತರಲು ಸಾಂಗ್ಲಿಗೆ ಹೋಯಿತು. ಅಲ್ಲಿ ಕುಸುಮಕಾಕೂ ತಮ್ಮ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಸಾಂಗ್ಲಿಯ ಗೇಜನ್ನು ಬಿಚ್ಚಿಸಿ ಅಂಗಡಿಗೆ ಹಿಂದಿರುಗಿಸಿ, ಮಿರಜದ ಫ್ಲೋಟಿಗೆ ಒಪ್ಪುವ ಗೇಜನ್ನು ಕೂಡಿಸಿದರು. ಅವರೂ ಆಣೆ ಮಾಡಿಸಿದರು.

ಸಭೆಯ ದಿನ ಮುಂಜಾನೆ ಇಲಾಹಿ ಮಿಸ್ತ್ರಿಯ ಶೆಡ್ಡಿನಲ್ಲಿ, ತುಂಬಿದ ಟ್ಯಾಂಕಿನ ಗಾಡಿಯ ಕೀಲಿ ತಿರುವಿದಾಗ ಮುಳ್ಳು ಖಾಲಿಯ ಮೇಲೆ ನಿಶ್ಚಿಂತೆಯಿಂದ ಮಲಗಿತ್ತು. ನನ್ನ ಬೆರಗನ್ನು ನೋಡಿ ಕುಸುಮಕಾಕೂ ತಮ್ಮ ತ್ಯಾಗವನ್ನು ಹೇಳಿದರು. ನಾನು ನನ್ನದನ್ನು ಹೇಳಿದೆ. ಇಬ್ಬರೂ ಮಾಯಾಕ್ಕನ ಕಡೆ ತಿರುಗಿದೆವು.

"ನಿನಗ ಎರಡೂ ಗೊತ್ತಿತ್ತಲ್ಲ. ಯಾಕ ಹೇಳಲಿಲ್ಲ?"

"ಇಬ್ಬರೂ ದೇವರ ಆಣಿ ಹಾಕ್ಸಿದ್ರಿ. ಎರಡೂ ಪಾಳಿಸೇನಿ. ಮತ್ತ ಒಂದ ಬದಲಾದ್ರ ಚಲೋ ಆಗೂದು, ಎರಡೂ ಬದಲಾದ್ರ ಭಾಳ ಚಲೋ ಆಗ್ತದ ಅಂತ ತಿಳಕೊಂಡೆ."

ಮಿಸ್ತ್ರಿ ನಟ್ಟು ತಿರುವುವ ಪಾನಾ ಕೆಳಗಿಟ್ಟು ನಕ್ಕರು. "ಇಬ್ಬರದೂ ಮನಸ ದೊಡ್ಡದು ಬಾಯಾರ. ನಡುವ ನನ್ನ ಟ್ಯಾಂಕ್ ಹತ್ತೂದು ಇಳಿಯೂದು ಆಗೇತಿ."

ಈಗ ಜಗಳ ತಲೆಕೆಳಗಾಗಿ ಶುರುವಾಯಿತು. ನಮ್ಮದನ್ನು ಬದಲಿಸೋಣವೆಂದು ನಾನು, ನಮ್ಮದನ್ನು ಎಂದು ಅವರು. ಮರ್ಯಾದೆಯ ಈ ಹಗ್ಗಜಗ್ಗಾಟದಲ್ಲಿ ಹೊತ್ತು ಏರಿತು. ಕಡೆಗೆ ಮಾಯಾಕ್ಕ ಗಾಡಿಯ ಬಾಗಿಲನ್ನು ದಡಾರನೆ ತೆರೆದಳು.

"ಸಂಜೀಕ ಸಭಾ ಅದ. ಹೋಗೂದು ನನ್ನ ಸ್ಟೇರಿಂಗ್. ನೀವಿಬ್ಬರೂ ದೊಡ್ಡಸ್ತನಾ ಹಂಚ್ಕೋತ ಕುಂತೀರಿ. ಮಿಸ್ತ್ರಿ ಕಾಕಾ, ಯಾವುದ ಬದಲ್ಸೂದು ಸಸಾರ?"

"ಮುಂದಿನ ಗೇಜ್. ಟ್ಯಾಂಕ್ ಇಳಸೂದು ತಪ್ತದ."

"ಆತು. ಹತ್ರಿ ಇಬ್ಬರೂ."

ಎರಡು ಊರುಗಳ ನಡುವಿನ ರಸ್ತೆಯಲ್ಲಿ ಬಿಡಿಭಾಗಗಳ ಒಂದು ಅಂಗಡಿಯ ಮುಂದೆ ಗಾಡಿ ನಿಂತಿತು. ಗಲ್ಲಾದ ಹಿಂದೆ ಕುಳಿತಿದ್ದ ಗೃಹಸ್ಥರು ನಮ್ಮನ್ನು ಮೂವರನ್ನೂ ನೋಡಿ, ನಮ್ಮ ಕೈಯಲ್ಲಿದ್ದ ಗೇಜನ್ನು ನೋಡಿ, ಕನಿಕರದಿಂದ, "ಇದು ನಿಮಗ ತಿಳಿಯೂದಿಲ್ಲರಿ. ಯಾರರ ಗಂಡಸರನ್ನ ಕಳಸ್ರಿ," ಎಂದರು.

ನಾನು ಬಾಯಿ ತೆರೆದೆ. ಅದೇ ಕ್ಷಣದಲ್ಲಿ ಕುಸುಮಕಾಕೂ ಬಾಯಿ ತೆರೆದರು. ಇಂಥ ವಿಷಯದಲ್ಲಿ ನನಗೆ ಜೊತೆ ಸಿಕ್ಕದ್ದು ಅದೇ ಮೊದಲು. ನಾನು ಅನ್ಯಾಯದ ಇತಿಹಾಸವನ್ನು ಹೇಳಿದೆ. ಅವರು, ಸಾಂಗ್ಲಿಯ ರೀತಿಯಲ್ಲಿ, ಫ್ಲೋಟಿನ ಕಂಪನಿಯ ಹೆಸರು, ತಡೆಯ ಮಾಪು, ಗೇಜು ಹೇಗಿರಬೇಕೆಂಬುದು, ಎಲ್ಲವನ್ನೂ ಹೇಳಿದರು. ಮಾಯಾಕ್ಕ ಗಂಡಸರು ಎಲ್ಲಿ ಹೋಗಿದ್ದಾರೆಂಬುದನ್ನು ಹೇಳಿದಳು. ಮೂರು ಬಾಯಿ, ಎರಡು ಭಾಷೆ. ವಿಲೀನದ ಕಾಗದಗಳಿಗೆ ಸಹಿಯಾದದ್ದು ಆ ಸಂಜೆಯೇ ಆದರೂ, ಎರಡು ಸಂಘಗಳು ಒಂದಾದದ್ದು ಆ ಗಲ್ಲಾದ ಮುಂದೆ ಎಂದು ನಾನು ಇಂದಿಗೂ ನಂಬುತ್ತೇನೆ. ಗೃಹಸ್ಥರು ಬೇಕಾದ ಗೇಜನ್ನು ಹುಡುಕಿ, ಬಟ್ಟೆಯಿಂದ ಒರೆಸಿ ಕೊಟ್ಟರು.

ಸಂಜೆ ಸಭೆಗೆ ಮುಂಚೆ ಅಂಗಳದಲ್ಲಿ ತಪಾಸಣೆಯಾಯಿತು. ಕುಸುಮಕಾಕೂ ಮುಳ್ಳನ್ನು ನಂಬಲಿಲ್ಲ. ತುಂಬಿದ ಟ್ಯಾಂಕಿಗೆ ತಾವೇ ಕಟ್ಟಿಗೆ ಇಳಿಬಿಟ್ಟು, ಡೀಸೆಲನ್ನು ಡಬ್ಬಿಗೆ ಇಳಿಸುತ್ತ ಮಟ್ಟ ಮಟ್ಟಕ್ಕೂ ನೋಡಿದರು. ತುಂಬಿದಾಗ ತುಂಬಿದೆಯೆಂದಿತು, ಅರ್ಧವಾದಾಗ ಅರ್ಧ, ತಳ ಕಂಡಾಗ ಖಾಲಿ. ಸಭೆಯಲ್ಲಿ ಅವರು ಸಹಿ ಹಾಕಿ, ಹೊಸ ಸಂಘದ ಚಾಲಕರ ಸಾಲಿನಲ್ಲಿ ಮೊದಲು ಮಾಯಾಕ್ಕನ ಹೆಸರನ್ನು ಓದಿದರು. ಟೆಂಪೋದವನಷ್ಟೇ ಸಂಬಳ ಅವಳಿಗೂ ಸಲ್ಲಬೇಕೆಂದು ನಾನು ಎದ್ದು ನಿಲ್ಲುವಷ್ಟರಲ್ಲಿ, ಅದನ್ನೂ ಅವರೇ ಓದಿದರು. ಹೇಳಲು ಅನ್ಯಾಯವೇ ಇಲ್ಲದೆ ಕುಳಿತುಕೊಂಡ ಆ ಕ್ಷಣ ನನಗೆ ಸ್ವಲ್ಪ ಇರುಸುಮುರುಸೆನಿಸಿತು, ಬಹಳ ಹೆಮ್ಮೆಯೂ ಆಯಿತು.

ಈಗ ಗಾಡಿಯ ಮುಳ್ಳು ಸತ್ಯವನ್ನೇ ಹೇಳುತ್ತದೆ. ಮಾಯಾಕ್ಕನಿಗಷ್ಟೇ ಅಲ್ಲ, ಮುಂದೆ ಕುಳಿತ ಎಲ್ಲರಿಗೂ. ಇದರ ಪರಿಣಾಮವನ್ನು ನಾನು ಮುಂಗಂಡಿರಲಿಲ್ಲ. ಮೊದಲು ಡೀಸೆಲ್ ಎಷ್ಟಿದೆಯೆಂಬುದು ಅವಳೊಬ್ಬಳ ಚಿಂತೆಯಾಗಿತ್ತು. ಈಗ ಹತ್ತಿದವರೆಲ್ಲ ಬಗ್ಗಿ ನೋಡಿ, ಇಲ್ಲಿ ತುಂಬಿಸು, ಅಲ್ಲಿ ತುಂಬಿಸು, ಕಾಲಿಗೆ ಬಂತು, ನಿಧಾನ ಹೋಗು ಎನ್ನುತ್ತಾರೆ. ಮಾಹಿತಿ ಎಲ್ಲರದಾದರೆ ಸಲಹೆಯೂ ಎಲ್ಲರದಾಗುತ್ತದೆಂಬ ಮಾತು ನನ್ನ ಶಾಲೆಯ ಪಾಠಗಳಲ್ಲಿರಲಿಲ್ಲ. ಮಾಯಾಕ್ಕ ದೂರು ಕೊಟ್ಟಳು. ಸಂಘ ಅದನ್ನು ಗಂಭೀರವಾಗಿ ಪರಿಗಣಿಸಿತು. ಸೂಚನೆಯನ್ನು ಬರೆಯುವ ಭಾರ ನನ್ನ ಮೇಲೆ ಬಿತ್ತು. 'ಇಂಧನದ ವಿಷಯದಲ್ಲಿ ಚಾಲಕರ ತೀರ್ಮಾನವೇ ಅಂತಿಮ. ಪ್ರಯಾಣಿಕರು ಸಲಹೆ ನೀಡಕೂಡದು.' ಎರಡು ಭಾಷೆಗಳಲ್ಲಿ ದುಂಡಗೆ ಬರೆದು ಗೇಜಿನ ಕೆಳಗೆ ಅಂಟಿಸಿದೆವು.

ಮೊನ್ನೆ ಬೇಡಗದಿಂದ ಬರುವಾಗ ಮುಳ್ಳು ತೀರ ಕೆಳಗಿತ್ತು. ನಾನು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಮಾಯಾಕ್ಕ ರಸ್ತೆಯಿಂದ ಕಣ್ಣು ತೆಗೆಯದೆಯೇ ಒಂದು ಬೆರಳು ಎತ್ತಿ ಆ ಸೂಚನೆಯನ್ನು ತೋರಿಸಿದಳು. ನನ್ನ ಅಕ್ಷರ ದುಂಡಗಿತ್ತು, ವಾಕ್ಯ ನಿರ್ದುಷ್ಟವಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಜೀವಮಾನದಲ್ಲಿ ನಾನು ಬರೆದ ಅಸಂಖ್ಯ ಮನವಿ, ಠರಾವು, ಖಂಡನೆಗಳ ಪೈಕಿ ಬರೆದ ಮರುವಾರವೇ ಅಕ್ಷರಶಃ ಜಾರಿಗೆ ಬಂದದ್ದು ಇದೊಂದೇ.